ಡಾಕ್ಟ್ರಮ್ಮನ ಹೆಬ್ಬೆರಳು

ನಮ್ಮ ಪಕ್ಕದ ಮನೆ ಖಾಲಿಯಾಗಿ ತಿಂಗಳಾಯಿತು. ಈ ಸುದ್ದಿ ಬಿಳಿಚೋಡಿನ ಜನಕ್ಕೆ ಗೊತ್ತಾಗಿದೆ, ಎಮ್ಮೆಗಳಿಗೆ ಇನ್ನೂ ಗೊತ್ತಾಗಿಲ್ಲ. ಆ ಮನೆ ಮುಂದೆ ಹಾದುಹೋಗುವಾಗ ಈಗಲೂ ಅವು ತಲೆ ತಗ್ಗಿಸಿ, ಬಾಲ ಬಿಗಿಹಿಡಿದು, ಎದುರು ಗೋಡೆಗೆ ಹೊಟ್ಟೆ ತಿಕ್ಕಿಕೊಂಡೇ ಹೋಗುತ್ತವೆ. ಹುಟ್ಟಿದಾಗಿನಿಂದ ಸೂಜಿ ಚುಚ್ಚಿಸಿಕೊಂಡವರ ಮರ್ಯಾದೆ ಅದು.

ಆ ಮನೆಯಲ್ಲಿ ಬಾಡಿಗೆಗೆ ಇದ್ದವರು ನಮ್ಮ ಡಾಕ್ಟ್ರಮ್ಮ. ದನ, ಎಮ್ಮೆ, ಕುರಿ, ಮೇಕೆಗಳ ಡಾಕ್ಟರು. ನಿವೃತ್ತಿಯಾಗಿ ತಮ್ಮ ಊರಾದ ನ್ಯಾಮತಿಗೆ ಹೋದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿಂದಲೇ ಬೈಯುತ್ತಾರೆ, ಅದಕ್ಕೆ ಅವರಿಗೆ ಫೋನು ಬೇಕಾಗಿಲ್ಲ. ನ್ಯಾಮತಿಯ ಜಗಲಿಯ ಮೇಲೆ ನಿಂತು ಕೂಗಿದರೆ ಹೊನ್ನಾಳಿಯ ಸೇತುವೆ ಒಮ್ಮೆ ನಡುಗಿ, ಉಳಿದ ಸದ್ದು ನಮ್ಮೂರಿಗೆ ಬಂದು ತಲುಪುವಂಥ ಗಂಟಲು.

ಅವರಿಗೆ ಲೋಕದಲ್ಲಿ ಮೊದಲು ಕಾಣುತ್ತಿದ್ದದ್ದು ಪ್ರಾಣಿ, ಆಮೇಲೆ ಮನುಷ್ಯ. ದಾರಿಯಲ್ಲಿ ಸಿಕ್ಕ ಹೆಂಗಸರನ್ನು ಮಾತಾಡಿಸುವ ಕ್ರಮವೇ ಹಾಗಿತ್ತು. "ನಿಮ್ಮ ಕಪ್ಪೆಮ್ಮೆ ಹೆಂಗೈತೆ? ಕರ ಹಾಲು ಕುಡಿತೈತಾ? ಹೂಂ, ನಿಮ್ಮ ಯಜಮಾನ್ರಿಗೆ ಆಪರೇಷನ್ ಆಗಿತ್ತಲ್ಲ, ಅವ್ರು ಹೆಂಗದಾರೆ?" ನನಗೆ ಒಮ್ಮೆ ಜ್ವರ ಬಂದಾಗ ಅಮ್ಮ ಗಾಬರಿಯಿಂದ ಅವರನ್ನೇ ಕರೆದಳು. ಬಂದವರು ನನ್ನ ಹಣೆ ಮುಟ್ಟಲಿಲ್ಲ, ಕಿವಿ ಹಿಡಿದು ನೋಡಿದರು. ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿದರು. ಆಮೇಲೆ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, "ಮೇವು ತಿಂತಾನಾ?" ಅಂದರು.

ಬಣ್ಣಗೆಟ್ಟ ಚೂಡಿದಾರ್, ಮೊಣಕಾಲಿನವರೆಗೆ ಬರುವ ಗಂಬೂಟು, ಮದುವೆಮನೆಯ ಫೋಟೋಗ್ರಾಫರ್ ಹಾಕುವಂಥ ದೊಡ್ಡ ಕೂಲಿಂಗ್ ಗ್ಲಾಸು. ಈ ವೇಷದಲ್ಲಿ ಸ್ಕೂಟರ್ ಮೇಲೆ ಹೊರಟರೆ ಊರ ನಾಯಿಗಳು ಬೊಗಳುವುದನ್ನು ನಿಲ್ಲಿಸಿ ಕೂತು ನೋಡುತ್ತಿದ್ದವು. ಗುಡ್ಡದ ಕುರಿರೊಪ್ಪಗಳಿಗೆ, ಅಂದರೆ ಮುಳ್ಳುಬೇಲಿ ಹಾಕಿ ಕುರಿ ಕೂಡುವ ಜಾಗಗಳಿಗೆ, ಅವರು ಹೋಗುತ್ತಿದ್ದದ್ದು ಹೀಗೆಯೇ. ಸ್ಕೂಟರ್ ಹತ್ತುವಷ್ಟು ದೂರ ಸ್ಕೂಟರು, ಉಳಿದದ್ದು ಕಾಲು.

ಆ ಕಾಲೇ ಕೈಕೊಟ್ಟಿತು. ನಿವೃತ್ತಿಗೆ ಇನ್ನೊಂದು ವರ್ಷ ಇದೆ ಅನ್ನುವಾಗ ಮೊಣಕಾಲಿನ ಆಪರೇಷನ್ ಆಯಿತು. ಗುಡ್ಡ ಹತ್ತಬಾರದು, ಎರಡು ಚಕ್ರದ ಗಾಡಿಯನ್ನು ಕಾಲೂರಿ ನಿಲ್ಲಿಸಬಾರದು ಅಂತ ಆಸ್ಪತ್ರೆಯವರು ಹೇಳಿ ಕಳಿಸಿದರು. ಜಗಳೂರಿನಿಂದ ಮೇಲಧಿಕಾರಿ ಸಾಹೇಬರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಒಳ್ಳೆಯ ಮನುಷ್ಯ. ದನಿ ಎಷ್ಟು ಮೆತ್ತಗೆ ಅಂದರೆ ಪಕ್ಕದಲ್ಲಿ ಕೂತ ನನಗೆ ಸೇಬು ಕಚ್ಚಿದ ಸದ್ದೇ ಜೋರಾಗಿ ಕೇಳುತ್ತಿತ್ತು. ಸೇಬು ಕಚ್ಚುತ್ತಿದ್ದದ್ದು ನಾನೇ.

"ಮೇಡಂ, ಇನ್ನೊಂದು ವರ್ಷ. ಜಗಳೂರು ಆಫೀಸಿನಾಗೆ ಒಂದು ಕುರ್ಚಿ ಐತೆ, ಫ್ಯಾನ್ ಕೆಳಗೇ ಐತೆ. ಆರಾಮಾಗಿ ಕೂತ್ಕಳ್ರಿ."

"ಕೂತ್ಕಂಡು?"

"ಕೂತ್ಕಂಡು... ಕೂತ್ಕಳದೇ ಮೇಡಂ."

"ಸಾರ್, ನಂಗೆ ಕೂರಾಕೆ ಬರಲ್ಲ. ಆ ಗುಡ್ಡದ ಕುರಿ ನೋಡಾಕೆ ನಾನು ಬಿಟ್ರೆ ಇನ್ನೊಬ್ರು ಹತ್ತಲ್ಲ. ಹತ್ತಿದ್ರೆ ಇಳಿಯಲ್ಲ."

ಸಾಹೇಬರು ತಲೆ ಕೆರೆದುಕೊಂಡರು. "ನೀವು ಹತ್ತಿ ಇಳಿತೀರಿ ಅಂತ ತೋರ್ಸಿದ್ರೆ ನಂದೇನೂ ಅಡ್ಡಿ ಇಲ್ಲ. ಏನಾರ ಆದ್ರೆ ಉತ್ತರ ಹೇಳೋನು ನಾನು" ಅಂದು ಎದ್ದುಹೋದರು.

ಇದಕ್ಕೆ ಡಾಕ್ಟ್ರಮ್ಮ ಹುಡುಕಿದ ದಾರಿ ಹೊನ್ನಾಳಿಯಲ್ಲಿತ್ತು. ಅವರ ತಮ್ಮ ಅಲ್ಲಿ ಹೊಳೆದಂಡೆಯಲ್ಲಿ ಮಕ್ಕಳು ಆಡುವ ಒಂದು ಪಾರ್ಕು ಮಾಡಿ, ಮಕ್ಕಳು ಬರದೆ ಮುಚ್ಚಿದ್ದರು. ಅಲ್ಲಿ ಓಡಿಸಲು ತಂದಿದ್ದ ನಾಲ್ಕು ಚಕ್ರದ ಬೈಕೊಂದು ಕೋಳಿ ಮಲಗುವ ಮಂಚವಾಗಿತ್ತು. ಬೈಕಿನಂತೆ ಕಾಲು ಆಚೀಚೆ ಹಾಕಿ ಕೂರುವುದು, ಟ್ರ್ಯಾಕ್ಟರಿನ ಮರಿಯಂಥ ಉಬ್ಬಿದ ಚಕ್ರ, ಕಲ್ಲು ಗುಂಡಿ ಏನಿದ್ದರೂ ಹತ್ತುವುದು. ರಸ್ತೆಯ ಮೇಲೆ ಮಾತ್ರ ಓಡಿಸುವಂತಿಲ್ಲ. ಹಾಗಾಗಿ ಡಾಕ್ಟ್ರಮ್ಮ ಟಾರು ರಸ್ತೆ ಬಂದ ಕೂಡಲೆ ಇಂಜಿನ್ ಆಫ್ ಮಾಡಿ ಇಳಿದು, ನನ್ನಿಂದ ಗಾಡಿ ತಳ್ಳಿಸಿ, ಆಚೆ ಮಣ್ಣಿನ ಮೇಲೆ ಮತ್ತೆ ಹತ್ತುತ್ತಿದ್ದರು. ಕಾನೂನಿಗೆ ಅವರು ಕೊಟ್ಟ ಗೌರವಕ್ಕೆ ನನ್ನ ಬೆನ್ನೇ ಸಾಕ್ಷಿ.

ಈ ಗಾಡಿಯ ವಿಷಯದಲ್ಲಿ ಬಿಳಿಚೋಡಿಗೆಲ್ಲ ನಾನೊಬ್ಬನೇ ಪಂಡಿತ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೊಬೈಲಿನಲ್ಲಿ ವೀಡಿಯೋ ನೋಡಿದವನು ನಾನೊಬ್ಬನೇ. ಅದಕ್ಕೇ ಡಾಕ್ಟ್ರಮ್ಮ ನನ್ನನ್ನು "ಪಂಡಿತ" ಅಂತಲೇ ಕರೆಯುತ್ತಿದ್ದರು, ಹೊಗಳಿಕೆ ಅನ್ನಿಸದ ಹಾಗೆ.

ಗಾಡಿ ಬಂದ ದಿನ ಊರಿನ ಗಂಡಸರೆಲ್ಲ ಬಂದು ಒಂದೊಂದು ಸಲ ಹತ್ತಿ ಕೂತರು. ಎಲ್ಲರೂ ಹುಟ್ಟಿನಿಂದ ಬೈಕು ಓಡಿಸಿದವರು. ಬಲಗೈಯಿಂದ ಹಿಡಿಕೆಯನ್ನು ಮುರಿಯುವ ಹಾಗೆ ತಿರುಗಿಸಿದರು, ಗಾಡಿ ಅಲ್ಲಾಡಲಿಲ್ಲ. "ಇದ್ರ ಇಂಜಿನ್ ಸತ್ತೈತೆ" ಅಂತ ಒಬ್ಬರು, "ಕೋಳಿ ವಯರ್ ಕಚ್ಚ್ಯಾವೆ" ಅಂತ ಇನ್ನೊಬ್ಬರು ತೀರ್ಪು ಕೊಟ್ಟರು. ಆಗ ನಾನು ಗುಂಪು ಸೀಳಿಕೊಂಡು ಬಂದು, ಹಿಡಿಕೆಯ ಪಕ್ಕದಲ್ಲಿದ್ದ ಪುಟ್ಟ ನಾಲಿಗೆಯಂಥ ಪಟ್ಟಿಯನ್ನು ಹೆಬ್ಬೆರಳಿಂದ ಒತ್ತಿ ತೋರಿಸಿದೆ. ಈ ಗಾಡಿಗೆ ರೇಸ್ ಕೊಡುವುದು ಹಾಗೆ. ಒತ್ತಿದಷ್ಟೂ ಓಡುತ್ತದೆ, ಬೆರಳು ಎತ್ತಿದರೆ ನಿಲ್ಲುತ್ತದೆ. ಒತ್ತಿ ಹೊರಟವನು ತಿರುವಿನಲ್ಲಿ ಬೈಕಿನ ಅಭ್ಯಾಸದಿಂದ ಕಾಲು ಕೆಳಗೆ ಊರಿದೆ, ಹಿಂದಿನ ಚಕ್ರ ನನ್ನ ಚಪ್ಪಲಿಯ ಮೇಲೆ ಹತ್ತಿ ಇಳಿಯಿತು. ಪಾಠ ಪೂರ್ತಿಯಾಗಬೇಕಲ್ಲ, ಹೀಗೆ ಮಾಡಬಾರದು ಅಂತ ಬೇಕೆಂದೇ ತೋರಿಸಿದೆ ಅಂತ ಜನಕ್ಕೆ ವಿವರಿಸಿದೆ.

"ಪಂಡಿತಂಗೆ ಸುಣ್ಣ ಅರಿಶಿಣ ಹಚ್ರಿ" ಅಂದರು ಡಾಕ್ಟ್ರಮ್ಮ.

ಮೊದಲ ಕೆಲವು ದಿನ ಅವರು ಮಹಾರಾಣಿಯಂತೆ ಗುಡ್ಡ ಹತ್ತಿದರು. ತೊಂದರೆ ಬಂದದ್ದು ಜಂತುಹುಳದ ಔಷಧಿ ಶುರುವಾದಾಗ. ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ಔಷಧಿ ತುಂಬಿ, ಕುರಿಯ ಬಾಯಿಯ ಮೂಲೆಯಲ್ಲಿ ತೂರಿಸಿ, ಹೆಬ್ಬೆರಳಿಂದ ಒತ್ತಬೇಕು. ಒಂದು ಕುರಿಯಾದರೆ ಆಟ. ರೊಪ್ಪದ ತುಂಬ ಕುರಿಯಿದ್ದರೆ, ಕೊನೆಯ ಕುರಿಯ ಹೊತ್ತಿಗೆ ಬಲಗೈ ಹೆಬ್ಬೆರಳು ಬೆರಳಾಗಿರುವುದಿಲ್ಲ, ಬದನೆಕಾಯಿಯಾಗಿರುತ್ತದೆ. ಅದೇ ಬದನೆಕಾಯಿಯಿಂದ ಗಾಡಿಯ ಪಟ್ಟಿ ಒತ್ತುತ್ತ ಮನೆ ಸೇರಬೇಕು. ಒಂದು ಸಂಜೆ ಗುಡ್ಡದ ಅರ್ಧದಲ್ಲಿ ಬೆರಳು ಮುಷ್ಕರ ಹೂಡಿತು. ಡಾಕ್ಟ್ರಮ್ಮ ಎಡಗೈಯನ್ನು ಅಡ್ಡ ಚಾಚಿ ಅದರ ಬೆರಳಿಂದ ಪಟ್ಟಿ ಒತ್ತಿದರು. ಎರಡು ಕೈಯೂ ಒಂದೇ ಮಗ್ಗುಲಿಗೆ ಬಂದರೆ ಹ್ಯಾಂಡಲ್ ನೆಟ್ಟಗೆ ನಿಲ್ಲುತ್ತದೆಯೇ? ಗಾಡಿ ಒಂದು ಜಾಲಿ ಮರಕ್ಕೆ ಪ್ರದಕ್ಷಿಣೆ ಹಾಕತೊಡಗಿತು. ದೂರದಿಂದ ನೋಡಿದ ಕುರಿ ಕಾಯುವವರು ಏನೋ ಹರಕೆ ಇರಬೇಕು ಅಂತ ಕೈಮುಗಿದರಂತೆ. ಅಂತೆ ಅಂದರೆ, ನಾನೇ ಹಾಗೆ ಎಲ್ಲರಿಗೂ ಹೇಳಿದ್ದೇನೆ.

ಮನೆಗೆ ಬಂದು ಬಿಸಿನೀರಿನ ಚೊಂಬಿನಲ್ಲಿ ಬೆರಳು ಅದ್ದಿ ಕೂತರು. "ಬೆರಳು ಕುರಿಗೆ ಕೊಡ್ಲಾ, ಗಾಡಿಗೆ ಕೊಡ್ಲಾ ಹೇಳ್ರಪ್ಪಾ" ಅಂತ ಎಲ್ಲರನ್ನೂ ಕೇಳಿದರು.

ಊರು ಒಂದೇ ದನಿಯಲ್ಲಿ ಹೇಳಿತು. ಬೈಕಿಗೆ ಇರುವಂಥ ತಿರುಗಿಸುವ ಹಿಡಿಕೆ ಹಾಕಿಸಿರಿ, ಇಡೀ ಅಂಗೈ ಕೆಲಸ ಮಾಡುತ್ತದೆ, ಬೆರಳಿಗೆ ರಜೆ. ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನು. ಸ್ಕೂಟರು ಓಡಿಸಿ ಪಳಗಿದ ಕೈ ನಿಮ್ಮದು, ಹೊಸದಾಗಿ ಕಲಿಯುವುದೇನೂ ಇಲ್ಲ ಅಂತ ಭಾಷಣವನ್ನೇ ಮಾಡಿದೆ.

ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಚನ್ನಗಿರಿಗೆ ಹೋದೆವು. ಅಲ್ಲಿ ಅಡಿಕೆ ಸುಲಿಯುವ ಮಿಷನ್ನು ರಿಪೇರಿ ಮಾಡುವ ಭಾಯ್ ಒಬ್ಬರು ಡಾಕ್ಟ್ರಮ್ಮನ ತಮ್ಮನಿಗೆ ಗೊತ್ತಿದ್ದವರು. ಯಾವುದಕ್ಕೆ ಯಾವುದನ್ನು ಬೇಕಾದರೂ ಜೋಡಿಸುವ ಉತ್ಸಾಹಿ. ಅವರ ಅಂಗಡಿಯ ಫ್ಯಾನಿಗೆ ತಿಪಟೂರಿನ ಕಡೆಯ ತೆಂಗಿನಕಾಯಿ ಸುಲಿಯುವ ಯಂತ್ರದ ಸ್ವಿಚ್ಚಿತ್ತು, ಅದೂ ಒದ್ದರೆ ಮಾತ್ರ ಆನ್ ಆಗುತ್ತಿತ್ತು.

"ಹಾಕ್ತೀನಿ ಮೇಡಂ, ಸಂಜೆಗೆ ಬರ್ರಿ. ಬೈಕಿಂದೇ ಒರಿಜಿನಲ್ ಐತೆ ನಮ್ಮತ್ರ."

"ಇದಕ್ಕೆ ಹೊಂದ್ತೈತೆ ಅಲ್ಲಾ ಭಾಯ್?"

"ಹೊಂದ್ಸೋದು ನನ್ ಕೆಲ್ಸ. ಓಡ್ಸೋದು ನಿಮ್ ಕೆಲ್ಸ. ನಡುವೆ ಇರೋದು ಆ ದ್ಯಾವ್ರ ಕೆಲ್ಸ."

ಬಯಲಿನಲ್ಲಿ ಆ ಹಿಡಿಕೆ ಬೆಣ್ಣೆಯಂತೆ ತಿರುಗಿತು. ಡಾಕ್ಟ್ರಮ್ಮ ಒಂದೇ ಕೈಯಲ್ಲಿ ಓಡಿಸುತ್ತ ಇನ್ನೊಂದು ಕೈಯಲ್ಲಿ ನನಗೆ ಶಹಬ್ಬಾಸ್ ಅಂದರು. ನಾನು ಊರಿನಲ್ಲಿ ಆ ವಾರ ಚಹಾ ಕುಡಿದ ಕಡೆಯಲ್ಲೆಲ್ಲ ಈ ಐಡಿಯಾ ನನ್ನದು ಅಂತ ಹೇಳಿದೆ.

ಗುಡ್ಡ ಬಯಲಲ್ಲ. ರೊಪ್ಪದ ಹತ್ತಿರ ಒಂದು ಕಡಿದಾದ ಏರು. ಮುಂದಿನ ಚಕ್ರ ಕಲ್ಲಿಗೆ ಹತ್ತಿ ಚಿಮ್ಮಿತು, ಡಾಕ್ಟ್ರಮ್ಮ ಹಿಂದಕ್ಕೆ ವಾಲಿದರು. ವಾಲಿದವರು ಏನು ಮಾಡುತ್ತಾರೆ? ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಸಿಕ್ಕಿದ್ದು ಹಿಡಿಕೆ. ಮೈ ಹಿಂದಕ್ಕೆ ಹೋದಂತೆ ಮುಂಗೈ ಕೆಳಗಿಳಿದು ಹಿಡಿಕೆ ತಿರುಗಿತು, ತಿರುಗಿದ್ದಕ್ಕೆ ಗಾಡಿ ಎಗರಿತು, ಎಗರಿದ್ದಕ್ಕೆ ಅವರು ಇನ್ನಷ್ಟು ಹಿಂದಕ್ಕೆ ಹೋದರು, ಹಿಡಿಕೆ ಇನ್ನಷ್ಟು ತಿರುಗಿತು. ಹೀಗೆ ಒಬ್ಬರನ್ನೊಬ್ಬರು ಹುರಿದುಂಬಿಸಿಕೊಂಡು ಇಬ್ಬರೂ ರೊಪ್ಪದ ಮುಳ್ಳುಬೇಲಿ ಸೀಳಿ ಒಳಗೆ ಹೋದರು. ಅಲ್ಲಿ ಕೂಡಿದ್ದದ್ದು ಮರಿಗಳು. ಅವು ಜೋಳ ಹುರಿದ ಹಾಗೆ ದಿಕ್ಕುದಿಕ್ಕಿಗೆ ಸಿಡಿದವು. ಗಾಡಿ ಆಚೆ ಬದಿಯ ಮುಳ್ಳಿನ ಮೆದೆಯಲ್ಲಿ ಸಿಕ್ಕಿಕೊಂಡು ಆಫ್ ಆಯಿತು. ಕೂಲಿಂಗ್ ಗ್ಲಾಸು ಒಂದು ಜಾಲಿ ಕೊಂಬೆಗೆ ನೇತುಬಿದ್ದು, ಆ ಕೊಂಬೆಯೇ ನಮ್ಮನ್ನು ನೋಡುತ್ತಿರುವ ಹಾಗೆ ಕಾಣುತ್ತಿತ್ತು.

ನಾನು ನಗಲು ತಯಾರಾಗಿಯೇ ಓಡಿಹೋದೆ. ಡಾಕ್ಟ್ರಮ್ಮ ಎದ್ದವರು ತಮ್ಮ ಮೈಮೇಲಿನ ಮುಳ್ಳು ಕೀಳಲಿಲ್ಲ. ಕುಂಟುತ್ತ ಹೋಗಿ ಒಂದೊಂದೇ ಮರಿಯನ್ನು ಹಿಡಿದು, ಕಾಲು ಮಡಚಿ ಬಿಡಿಸಿ, ಪಕ್ಕೆ ಸವರಿ ನೋಡಿದರು. ಒಂದು ಮರಿಯ ತೊಡೆ ತರಚಿತ್ತು, ಅದಕ್ಕೆ ಔಷಧಿ ಹಚ್ಚಿದರು. ಕೊನೆಯ ಮರಿ ಸಿಗುವವರೆಗೆ ಬಾಯಿ ಬಿಡಲಿಲ್ಲ. ಆ ಗಂಟಲು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ನನಗೂ ನಗು ಬರಲಿಲ್ಲ.

ಕಲ್ಲಿನ ಮೇಲೆ ಕೂತ ಮೇಲೆ ಹೇಳಿದರು, "ಬೆರಳಿಂದು ಇದ್ದಾಗ ನಾನು ಸೋತ್ರೆ ಗಾಡಿ ನಿಲ್ತಿತ್ತು ಕಣಲೇ. ಇದು ನಾನು ಸೋತಾಗ್ಲೇ ಓಡ್ತೈತೆ. ನಾಳೆ ಇದನ್ನ ಬಿಚ್ಚಸ್ಬೇಕು."

"ಮತ್ತೆ ಹೆಬ್ಬೆರಳು?"

"ಅದನ್ನ ಗಾಡಿಗೇ ಕೊಟ್ಟೆ. ಕುರಿಗೆ ಇನ್ನೊಂದೈತಲ್ಲ."

ಎಡಗೈ ಮುಂದೆ ಹಿಡಿದು ತೋರಿಸಿದರು. ಆ ಕೈ ಅಲ್ಲಿಯವರೆಗೆ ಚೀಲ ಹಿಡಿಯುವುದು ಬಿಟ್ಟು ಬೇರೆ ಕೆಲಸ ಮಾಡಿದ್ದೇ ಇಲ್ಲ.

ಬೇಲಿ ಸೀಳಿದ ಸುದ್ದಿ ಧೂಳು ಇಳಿಯುವ ಮೊದಲೇ ಜಗಳೂರು ಮುಟ್ಟಿತ್ತು. ಸಾಹೇಬರು ಫೋನ್ ಮಾಡಿದರು. ಮುಂದಿನ ವಾರ ತಾವೇ ಬಂದು ನೋಡುವುದಾಗಿಯೂ, ಹತ್ತಿ ಇಳಿಯುವುದು ಸರಿಯಾಗಿ ಕಾಣದಿದ್ದರೆ ಅವತ್ತೇ ಕುರ್ಚಿಗೆ ಬರಬೇಕೆಂದೂ ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿಗೆ ಡಾಕ್ಟ್ರಮ್ಮನ ಮುಖ ಬಾಡಿತು.

ಚನ್ನಗಿರಿಯ ಭಾಯ್ ಅಷ್ಟೇ ಉತ್ಸಾಹದಿಂದ ಹಳೆಯ ಪಟ್ಟಿಯನ್ನು ಮತ್ತೆ ಕೂರಿಸಿಕೊಟ್ಟರು. ಈ ಕಡೆ ಎಡಗೈಗೆ ತರಬೇತಿ ಶುರುವಾಯಿತು. ಸಿರಿಂಜಿನಲ್ಲಿ ಮಜ್ಜಿಗೆ, ಕುರಿಯ ಪಾತ್ರದಲ್ಲಿ ನಾನು. ಮೊದಲ ದಿನ ಮಜ್ಜಿಗೆ ನನ್ನ ಕಿವಿಗೆ ಹೋಯಿತು. ಎರಡನೆಯ ದಿನ ಮೂಗಿಗೆ ಬಂತು, ದಾರಿ ಹತ್ತಿರವಾಗುತ್ತಿದೆ ಅಂತ ಡಾಕ್ಟ್ರಮ್ಮ ಹಿಗ್ಗಿದರು. ಅಮ್ಮ ಬಾಗಿಲಲ್ಲಿ ನಿಂತು, "ಮಗನ್ನ ಉಳಿಸ್ರೀ, ಪರೀಕ್ಷೆ ಐತೆ ಅವಂದು" ಅಂದಳು. "ಉಳ್ಸೋದೇ ನನ್ ಕೆಲ್ಸ ಕಣ್ರೀ. ಲೇ ಪಂಡಿತ, ಬಾಯಿ ಅಗಲ ಬಿಡಬ್ಯಾಡ, ಕುರಿ ಎಲ್ಲಾದ್ರೂ ಹಂಗ್ ಬಿಡ್ತೈತಾ?" ವಾರದ ಕೊನೆಗೆ ಒಂದು ತೊಟ್ಟೂ ಹೊರಗೆ ಬೀಳದೆ ಮಜ್ಜಿಗೆ ಒಳಗೆ ಹೋಗುತ್ತಿತ್ತು. ನಾನೂ ದಪ್ಪಗಾಗಿದ್ದೆ.

ಸಾಹೇಬರು ಬಂದ ದಿನ ಜೀಪನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ ಕೊಡೆ ಬಿಚ್ಚಿ ನಿಂತರು. ಡಾಕ್ಟ್ರಮ್ಮ ಹೆಬ್ಬೆರಳು ಒತ್ತಿ, ಹಸು ಹೆಜ್ಜೆಯಿಟ್ಟ ಹಾಗೆ ನಿಧಾನ ಮೇಲೆ ಹತ್ತಿದರು. ನಾನು ಹಿಂದೆ ನಡೆದುಕೊಂಡು ಹೋದೆ, ಗಾಡಿಗಿಂತ ಮೊದಲು ತಲುಪದ ಹಾಗೆ ಎಚ್ಚರ ವಹಿಸಿ.

ಮೇಲೆ ರೊಪ್ಪದ ಅಜ್ಜ, ಆ ಮಂದೆಯ ಯಜಮಾನ, ಮೊದಲ ಕುರಿಯ ಬಾಯಿ ಹಿಡಿದು ಕೂತ. ಡಾಕ್ಟ್ರಮ್ಮ ಎಡಗೈಯಲ್ಲಿ ಸಿರಿಂಜು ಎತ್ತಿದ್ದನ್ನು ನೋಡಿ ಕುರಿಯನ್ನು ಬಿಟ್ಟೇ ಬಿಟ್ಟ.

"ಯವ್ವಾ, ಎಡಗೈಲಿ ಕೊಡ್ತಿಯಾ?"

"ಔಷಧಿ ಅದೇ ಅಲ್ಲೇನಜ್ಜ."

"ಔಷಧಿ ಅದೇ. ಎಡಗೈಲಿ ಕೊಟ್ಟಿದ್ದು ಮೈಗೆ ಹತ್ತಲ್ಲ. ಬ್ಯಾಡ ನಡಿ. ಬಲಗೈಲಿ ಕೊಡೋ ಹಂಗಿದ್ರೆ ಕೊಡು."

ಇದನ್ನು ನಾವ್ಯಾರೂ ಯೋಚಿಸಿರಲಿಲ್ಲ. ನಾನು ವಾರವಿಡೀ ಎಡಗೈಯಲ್ಲಿ ಕುಡಿದಿದ್ದೆ, ಆದರೆ ನನ್ನ ಅಭಿಪ್ರಾಯವನ್ನು ಅಜ್ಜ ಕೇಳಲಿಲ್ಲ. ಬಲಗೈಯಲ್ಲಿ ಕೊಟ್ಟರೆ ಇಳಿಯಲು ಬೆರಳಿಲ್ಲ, ಕೊಡದಿದ್ದರೆ ಹತ್ತಿದ್ದಕ್ಕೆ ಅರ್ಥವಿಲ್ಲ, ಕೆಳಗೆ ಕೊಡೆಯ ಕೆಳಗೆ ಕುರ್ಚಿ ಕಾಯುತ್ತಿದೆ. ಡಾಕ್ಟ್ರಮ್ಮ ಜೋರು ಮಾಡುತ್ತಾರೆ ಅಂದುಕೊಂಡೆ. ಅವರು ಬಲಗೈಯ ಬೆರಳುಗಳನ್ನು ಎಡ ಮೊಣಕೈಗೆ ಮುಟ್ಟಿಸಿ ನಿಂತರು. ದೊಡ್ಡವರಿಗೆ ತಾಂಬೂಲ ಕೊಡುವಾಗ ನಾವು ಒಂದು ಕೈಗೆ ಇನ್ನೊಂದು ಕೈ ಸೇರಿಸುತ್ತೇವಲ್ಲ, ಹಾಗೆ. ಒಂದು ಕುರಿಗೆ ಅಷ್ಟು ಮರ್ಯಾದೆ ಕೊಟ್ಟದ್ದನ್ನು ಯಾರೂ ನೋಡಿರಲಿಕ್ಕಿಲ್ಲ.

ಅಜ್ಜ ಮೊಣಕೈ ನೋಡಿದ, ಕುರಿ ನೋಡಿದ. "ಬಲಗೈ ಸೇರೈತೆ ಅಂದ್ರೆ ಆತು ಬಿಡವ್ವ" ಅಂದು ಮತ್ತೆ ಕುರಿಯ ಬಾಯಿ ಹಿಡಿದ.

ರೊಪ್ಪ ಮುಗಿಯುವಷ್ಟರಲ್ಲಿ ಬಿಸಿಲು ವಾಲಿತ್ತು. ಒಂದೆರಡು ಸಲ ಔಷಧಿ ಅಜ್ಜನ ಮೀಸೆಗೂ ಬಿತ್ತು, ಆತನಿಗೂ ಹುಳ ಇರಲಿಲ್ಲವೆಂದು ಹೇಗೆ ಹೇಳುವುದು. ಡಾಕ್ಟ್ರಮ್ಮ ಬಲಗೈ ಹೆಬ್ಬೆರಳನ್ನು ಮದುಮಗಳಂತೆ ದುಪಟ್ಟಾದಲ್ಲಿ ಸುತ್ತಿಕೊಂಡು ಬಂದು ಗಾಡಿ ಹತ್ತಿದರು.

ಕೆಳಗೆ ಸಾಹೇಬರು ಕೊಡೆ ಮಡಚಿ ಕತ್ತೆತ್ತಿ ನೋಡುತ್ತಿದ್ದರು. ಗಾಡಿ ಇಳಿಜಾರಿಗೆ ಬಂತು, ಕಲ್ಲು ದಾಟಿತು, ಅಲುಗಾಡಿತು, ಮತ್ತೆ ನೆಟ್ಟಗಾಯಿತು. ಇನ್ನೇನು ಬುಡ ಮುಟ್ಟಬೇಕು ಅನ್ನುವಾಗ ತಟ್ಟನೆ ನಿಂತಿತು. ಸಾಹೇಬರು ನಾಲ್ಕು ಹೆಜ್ಜೆ ಮೇಲೆ ಬಂದರು.

"ಯಾಕ್ ಮೇಡಂ, ಬೆರಳು ಸೋತು ಹೋತಾ?"

"ಸೋತಿಲ್ಲ ಸಾರ್. ಎತ್ತಿದೀನಿ."

ಮುಂದಿನ ಚಕ್ರದ ಎದುರಿಗೆ ಒಂದು ಕುರಿಮರಿ ನಿಂತಿತ್ತು. ನಮ್ಮ ಹಿಂದೆಯೇ ಅಡ್ಡದಾರಿಯಲ್ಲಿ ಇಳಿದು ಬಂದು, ಚಕ್ರವನ್ನು ಮೂಸುತ್ತ, ಇದು ಹಾಲು ಕೊಡುತ್ತದೋ ಇಲ್ಲವೋ ಅಂತ ಯೋಚಿಸುತ್ತಿತ್ತು. ಗಾಡಿ ಅದರ ಮೂಗಿಗೆ ತಾಗಿಯೂ ತಾಗದ ಹಾಗೆ ನಿಂತಿತ್ತು. ಸಾಹೇಬರು ಮರಿಯನ್ನು ನೋಡಿದರು, ಚಕ್ರವನ್ನು ನೋಡಿದರು, ಬಾಗಿ ಆ ಸಂದಿನಲ್ಲಿ ಕೈ ಆಡಿಸಿ ನೋಡಿದರು. ಆಮೇಲೆ ಮರಿಯನ್ನು ತಾವೇ ಎತ್ತಿಕೊಂಡರು. ಅದು ಅವರ ಅಂಗಿಯ ಮೇಲೆ ಉಚ್ಚೆ ಹೊಯ್ಯಿತು.

"ಹಿಂಗೆ ನಿಲ್ಲಿಸಾಕೆ ಬರೋರು ಎಲ್ಲಿಗಾರ ಹೋಗ್ಲಿ ಬಿಡ್ರಿ" ಅಂದರು ಸಾಹೇಬರು. "ಕುರ್ಚಿಗೆ ಬೇರೆ ಯಾರನ್ನಾರ ನೋಡ್ತೀನಿ."

ಥ್ಯಾಂಕ್ಸ್ ಹೇಳುವ ಅಭ್ಯಾಸ ಡಾಕ್ಟ್ರಮ್ಮನಿಗಿಲ್ಲ. "ಹಂಗಾದ್ರೆ ಆ ಕಡೆ ರೊಪ್ಪಕ್ಕೂ ಔಷಧಿ ಕಳ್ಸಿ ಸಾರ್, ಖಾಲಿ ಆಗೈತೆ" ಅಂದರು.

ಆ ವರ್ಷ ಪೂರ್ತಿ ಅವರು ಗುಡ್ಡ ಹತ್ತಿದರು. ಎಡಗೈ ಔಷಧಿಯೇ ಕುರಿಗೆ ಚೆನ್ನಾಗಿ ಹತ್ತುತ್ತದೆ ಅಂತ ಅಜ್ಜ ಈಗ ಬೇರೆ ಮಂದೆಯವರಿಗೆ ಹೇಳಿಕೊಂಡು ತಿರುಗುತ್ತಾನೆ.

ಹೋದ ತಿಂಗಳು ಜಗಳೂರಿನ ಆಫೀಸಿನಲ್ಲಿ ಅವರ ಬೀಳ್ಕೊಡುಗೆ. ಶಾಮಿಯಾನ ಹಾಕಿ, ಹಾರ ತಂದು, ಸಾಹೇಬರು ಮೈಕಿನ ಮುಂದೆ ಎರಡು ಸಲ ಕೆಮ್ಮಿಯಾಗಿತ್ತು. ಮೈಸೂರುಪಾಕು ಎಣ್ಣೆ ಬಿಡತೊಡಗಿತ್ತು. ಬೀಳ್ಕೊಡಬೇಕಾದವರೇ ನಾಪತ್ತೆ. ಗುಡ್ಡದ ಮೇಲೆ ಒಂದು ಕುರಿ ಈಯಲು ಒದ್ದಾಡುತ್ತಿದೆ ಅಂತ ಬೆಳಿಗ್ಗೆಯೇ ಹೋಗಿದ್ದರು. ಜನ ಅರ್ಧ ಎದ್ದುಹೋದ ಮೇಲೆ ಅವರು ಬಂದರು. ಅದೇ ಗಂಬೂಟು, ಮೊಣಕೈವರೆಗೆ ರಕ್ತ, ಮುಖದ ತುಂಬ ನಗು.

ಸಾಹೇಬರು ಹಾರ ಹಿಡಿದು ಎದ್ದು ನಿಂತರು.

"ಒಂದು ನಿಮಿಷ ತಡೀರಿ ಸಾರ್" ಅಂದರು ಡಾಕ್ಟ್ರಮ್ಮ, ಮೈಕಿಲ್ಲದೆ, ಕೊನೆಯ ಸಾಲಿನವರೆಗೂ ಕೇಳುವ ಹಾಗೆ. "ಎರಡು ಮರಿ ಹಾಕೈತೆ. ಕೈ ತೊಳ್ಕೊಂಬರ್ತೀನಿ."